ಹಳೆಯ ಡಿಸ್ಕಿಗೆ ಬೇರೆ ಕಾರ್ಡ್ ಏಕೆ ಒಗ್ಗುವುದಿಲ್ಲ?

ಪ್ರಶ್ನೆ: ನಮ್ಮ ತಂದೆಯವರು ತೆರಿಗೆ ಸಲಹೆಗಾರರಾಗಿದ್ದರು. 1980ರ ದಶಕದ ಕೊನೆಯಲ್ಲಿ ಅವರು ಕೊಂಡಿದ್ದ ಪಿಸಿ-ಎಕ್ಸ್‌ಟಿ ಮಾದರಿಯ ಕಂಪ್ಯೂಟರ್ ಅಟ್ಟದ ಮೇಲಿತ್ತು. ಈಚೆಗೆ ಇಳಿಸಿ, ಧೂಳು ಕೊಡವಿ ಆನ್ ಮಾಡಿದಾಗ ಹಾರ್ಡ್ ಡಿಸ್ಕಿನ ಕಾರ್ಡಿನ ಮೇಲೆ ಏನೋ ಚಟ್ಟೆಂದು ಸಿಡಿದು ಹೊಗೆ ಬಂತು. ಅದೇ ಕಾಲದ ಇನ್ನೊಂದು ಕಂಪನಿಯ ಕಾರ್ಡ್ ಹುಡುಕಿ ತಂದು ಹಾಕಿದೆ. ಒಳಗಿರುವ ಸೀಗೇಟ್ ಎಸ್‌ಟಿ-225 ಡಿಸ್ಕ್ ತಿರುಗುವ ಸದ್ದು ಚೆನ್ನಾಗಿ ಕೇಳುತ್ತದೆ. ಪರದೆಯಲ್ಲಿ ಮಾತ್ರ 1701 ಎಂಬ ಸಂಖ್ಯೆ ಬಂದು ನಿಲ್ಲುತ್ತದೆ. ಎರಡು ಕೇಬಲ್‌ಗಳೂ ಸರಿಯಾಗಿ ಕೂತಿವೆ. ಹಾಗಿದ್ದರೂ ಡಿಸ್ಕ್ ಏಕೆ ಓದುವುದಿಲ್ಲ? ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ, ಮಾಡಲೇ? ಅದೂ ಆಗದಿದ್ದರೆ ಮನೆಯಲ್ಲೇ ಇರುವ ಹಳೆಯ ಐಡಿಇ ಡಿಸ್ಕನ್ನು ಇದಕ್ಕೆ ಹಾಕಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ಸುಟ್ಟ ಕಾರ್ಡನ್ನು ಎಸೆಯಲೂ ಬೇಡಿ. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ. ಫಾರ್ಮ್ಯಾಟ್ ಮಾಡಿದರೆ ಆ ಡಿಸ್ಕ್ ಹೊಸ ಕಾರ್ಡಿನ ಜೊತೆ ಕೆಲಸ ಮಾಡುವ ಸಂಭವ ಚೆನ್ನಾಗಿಯೇ ಇದೆ. ಆದರೆ ನಿಮ್ಮ ತಂದೆಯವರು ಬರೆದಿಟ್ಟದ್ದರಲ್ಲಿ ಒಂದಕ್ಷರವೂ ಉಳಿಯುವುದಿಲ್ಲ. ಹೀಗೇಕೆ ಎಂಬುದು ತಿಳಿಯಬೇಕಾದರೆ ಆ ಕಾಲದ ಡಿಸ್ಕಿಗೂ ಕಾರ್ಡಿಗೂ ಕೆಲಸ ಹೇಗೆ ಹಂಚಿಹೋಗಿತ್ತು ಎಂಬುದನ್ನು ನೋಡಬೇಕು.

ಅಲನ್ ಶುಗಾರ್ಟ್, ಫಿನಿಸ್ ಕಾನರ್ ಮತ್ತು ಜೊತೆಗಾರರು 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುಗಾರ್ಟ್ ಟೆಕ್ನಾಲಜಿ ಎಂಬ ಕಂಪನಿ ಕಟ್ಟಿದರು. ಸ್ವಲ್ಪದರಲ್ಲೇ ಅದರ ಹೆಸರು ಸೀಗೇಟ್ ಆಯಿತು. 1980ರಲ್ಲಿ ಅವರು ಹೊರತಂದ ಎಸ್‌ಟಿ-506, ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ ಕೂರುವ ಜಾಗದಲ್ಲೇ ಕೂರುವ 5 ಮೆಗಾಬೈಟಿನ ಹಾರ್ಡ್ ಡಿಸ್ಕ್. ಮರುವರ್ಷ ಬಂದದ್ದು 10 ಮೆಗಾಬೈಟಿನ ಎಸ್‌ಟಿ-412. ಐಬಿಎಂ 1983ರ ಮಾರ್ಚಿನಲ್ಲಿ ಪಿಸಿ-ಎಕ್ಸ್‌ಟಿಯನ್ನು ಬಿಡುಗಡೆ ಮಾಡಿದಾಗ ಅದರೊಳಗೆ 10 ಮೆಗಾಬೈಟಿನ ಡಿಸ್ಕೂ ಜೀಬೆಕ್ ಕಂಪನಿ ಮಾಡಿಕೊಟ್ಟ ಕಂಟ್ರೋಲರ್ ಕಾರ್ಡೂ ಇದ್ದವು. ಅಲ್ಲಿಂದ ಮುಂದೆ ಕ್ವಾಂಟಮ್, ಮಿನಿಸ್ಕ್ರೈಬ್, ಮೈಕ್ರೊಪೊಲಿಸ್, ಮ್ಯಾಕ್ಸ್‌ಟರ್ ಎಲ್ಲರೂ ಇದೇ ತಂತಿಜೋಡಣೆಗೆ ಡಿಸ್ಕ್ ಮಾಡಿದರು. ವೆಸ್ಟರ್ನ್ ಡಿಜಿಟಲ್, ಅಡಾಪ್ಟೆಕ್, ಡಿಟಿಸಿ, ಓಎಮ್‌ಟಿಐ ಮೊದಲಾದವರು ಅದಕ್ಕೆ ತಕ್ಕ ಕಾರ್ಡ್ ಮಾಡಿದರು. ತಂತಿಯ ವಿಷಯದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ತಂತಿಯ ಮೇಲೆ ಹರಿಯುವ ದತ್ತಾಂಶದ ವಿಷಯದಲ್ಲಿ ಅಂಥ ಒಪ್ಪಂದ ಇರಲೇ ಇಲ್ಲ. ನಿಮ್ಮ ತೊಂದರೆಯ ಬೇರು ಇರುವುದು ಇಲ್ಲಿ.

ಡಿಸ್ಕ್ ಮಾಡುವ ಕೆಲಸ, ಕಾರ್ಡ್ ಮಾಡುವ ಕೆಲಸ

ನಿಮ್ಮ ಡಿಸ್ಕಿನ ಹಿಂಬದಿಗೆ ಎರಡು ಪಟ್ಟಿ ಕೇಬಲ್ ಬಂದಿರುತ್ತವೆ. ಅಗಲವಾದದ್ದರಲ್ಲಿ 34 ತಂತಿಗಳು, ಕಿರಿದಾದದ್ದರಲ್ಲಿ 20. ಅಗಲದ ಕೇಬಲ್ ಆಜ್ಞೆಗಳದು: ಈ ಡಿಸ್ಕ್ ಎಚ್ಚೆತ್ತುಕೊಳ್ಳಲಿ, ಹೆಡ್ಡು ಒಂದು ಹೆಜ್ಜೆ ಒಳಕ್ಕೆ ಹೋಗಲಿ, ಮೂರನೆಯ ಹೆಡ್ಡು ಕೆಲಸಕ್ಕೆ ಬರಲಿ, ಈಗ ಬರೆಯಲಿ, ಹೀಗೆ. ಡಿಸ್ಕ್ ಅದೇ ಕೇಬಲಿನಲ್ಲಿ ನಾಲ್ಕೈದು ಸುದ್ದಿಗಳನ್ನು ಹಿಂದಕ್ಕೆ ಕಳಿಸುತ್ತದೆ: ತಯಾರಾಗಿದ್ದೇನೆ, ಹೆಜ್ಜೆ ಮುಗಿಯಿತು, ಸೊನ್ನೆಯ ಟ್ರ್ಯಾಕಿನಲ್ಲಿದ್ದೇನೆ, ಒಂದು ಸುತ್ತು ಪೂರ್ತಿಯಾಯಿತು, ಬರೆಯುವಾಗ ದೋಷವಾಯಿತು. ಅದಕ್ಕಿಂತ ಹೆಚ್ಚಿಗೆ ಹೇಳಲು ಅದಕ್ಕೆ ಬಾರದು.

ಇಪ್ಪತ್ತು ತಂತಿಯ ಕಿರಿಯ ಕೇಬಲಿನಲ್ಲಿ ಹರಿಯುವುದು ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ. ತಟ್ಟೆಯ ಮೇಲಿನ ಕಾಂತೀಯ ದಿಕ್ಕು ಎಲ್ಲೆಲ್ಲಿ ತಿರುವಿಕೊಂಡಿದೆಯೋ ಅಲ್ಲೆಲ್ಲ ಒಂದೊಂದು ವಿದ್ಯುತ್ ಮಿಡಿತ, ಅಷ್ಟೆ. ಆ ಮಿಡಿತಗಳ ನಡುವಿನ ಅಂತರವನ್ನು ಅಳೆದು, ಇದು ಒಂದು, ಇದು ಸೊನ್ನೆ ಎಂದು ಬಿಡಿಸುವ ಸರ್ಕ್ಯೂಟ್ ಇರುವುದು ಕಾರ್ಡಿನ ಮೇಲೆ. ಬಿಡಿಸಿದ ಬಿಟ್‌ಗಳನ್ನು ಬೈಟುಗಳಾಗಿ ಕೂಡಿಸುವುದು, ಸೆಕ್ಟರ್ ಎಲ್ಲಿ ಶುರುವಾಯಿತೆಂದು ಗುರುತಿಸುವುದು, ತಪ್ಪು ನುಸುಳಿದೆಯೇ ಎಂದು ತಾಳೆ ನೋಡುವುದು ಎಲ್ಲವೂ ಕಾರ್ಡಿನ ಪಾಲಿಗೆ ಬಂದ ಕೆಲಸ. ಸೆಕ್ಟರ್ ಎಂಬುದೊಂದು ಇದೆ ಎಂಬುದೇ ಡಿಸ್ಕಿಗೆ ಗೊತ್ತಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ತಟ್ಟೆ ನಿಮಿಷಕ್ಕೆ 3600 ಸುತ್ತು, ಅಂದರೆ ಸೆಕೆಂಡಿಗೆ 60 ಸುತ್ತು ತಿರುಗುತ್ತದೆ. ಕೇಬಲಿನ ವೇಗ ಸೆಕೆಂಡಿಗೆ 50 ಲಕ್ಷ ಬಿಟ್. ಹಾಗಾಗಿ ಒಂದು ಸುತ್ತಿನಲ್ಲಿ ಸುಮಾರು 83,300 ಬಿಟ್, ಅಂದರೆ 10,400 ಬೈಟಿನಷ್ಟು ಜಾಗ ಸಿಗುತ್ತದೆ. ಅದರಲ್ಲಿ ನಮ್ಮ ಕಡತಗಳಿಗೆ ದಕ್ಕುವುದು 512 ಬೈಟಿನ 17 ಸೆಕ್ಟರ್, ಒಟ್ಟು 8,704 ಬೈಟು. ಉಳಿದ ಸಾವಿರದ ಏಳುನೂರು ಬೈಟು ಎಲ್ಲಿ ಹೋಯಿತು? ಅದು ಕಾರ್ಡಿನ ಸ್ವಂತ ಬಳಕೆಗೆ. ಪ್ರತಿ ಸೆಕ್ಟರಿನ ಮುಂದೆ ಅದು ಒಂದು ತಲೆಬರಹ ಬರೆದುಕೊಳ್ಳುತ್ತದೆ. ಅದರಲ್ಲಿ ಸಿಲಿಂಡರ್ ಎಷ್ಟು, ಹೆಡ್ ಯಾವುದು, ಸೆಕ್ಟರ್ ಎಷ್ಟನೆಯದು ಎಂಬ ವಿಳಾಸ ಇರುತ್ತದೆ. ದತ್ತಾಂಶದ ಕೊನೆಗೆ ತಪ್ಪು ಹಿಡಿಯುವ ಕೆಲವು ಬೈಟುಗಳಿರುತ್ತವೆ. ನಡುನಡುವೆ ಖಾಲಿ ಅಂತರವೂ ಬೇಕು. ಲೋ ಲೆವೆಲ್ ಫಾರ್ಮ್ಯಾಟ್ ಎಂದರೆ ಇದೇ: ಬರಿದಾದ ತಟ್ಟೆಯ ಮೇಲೆ ಕಾರ್ಡು ತನ್ನ ವಿಳಾಸಗಳನ್ನು ಬರೆದುಕೊಂಡು ಹೋಗುವುದು.

ಈ ತಲೆಬರಹ ಎಷ್ಟು ಬೈಟು ಇರಬೇಕು, ಯಾವ ಗುರುತಿನಿಂದ ಆರಂಭವಾಗಬೇಕು, ತಪ್ಪು ಹಿಡಿಯುವ ಲೆಕ್ಕಕ್ಕೆ ಯಾವ ಸೂತ್ರ, ಅದಕ್ಕೆ ಎಷ್ಟು ಬೈಟು ಎಂಬುದನ್ನೆಲ್ಲ ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಮಾಡಿಕೊಂಡರು. ಕೆಲವು ಕಾರ್ಡ್‌ಗಳು ಡಿಸ್ಕಿನ ಅಳತೆಯನ್ನೇ ಮೊದಲ ಸಿಲಿಂಡರಿನಲ್ಲಿ ಗುಟ್ಟಾಗಿ ಬರೆದಿಟ್ಟುಕೊಂಡು, ಆ ಸಿಲಿಂಡರನ್ನು ಡಾಸ್‌ನ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಿದ್ದವು. ಶೀಘ್ರಲಿಪಿಯಲ್ಲಿ ಬರೆದುಕೊಂಡ ನೋಟ್‌ಬುಕ್ ಹೀಗೇ ಇರುತ್ತದೆ. ಕಾಗದ, ಶಾಯಿ ಎಲ್ಲರದೂ ಒಂದೇ ಆದರೂ ಒಬ್ಬರು ಗೀಚಿಕೊಂಡದ್ದನ್ನು ಬೇರೆ ಪದ್ಧತಿ ಕಲಿತವರು ಓದಲಾರರು. ನಿಮ್ಮ ಹೊಸ ಕಾರ್ಡಿನ ಪಾಡು ಇದೇ. ಮಿಡಿತಗಳು ಅದಕ್ಕೆ ಕೇಳಿಸುತ್ತಿವೆ, ತನಗೆ ಪರಿಚಯವಿರುವ ತಲೆಬರಹ ಮಾತ್ರ ಸಿಗುತ್ತಿಲ್ಲ.

ಒಂದೇ ಕಂಪನಿಯ, ಒಂದೇ ವಂಶದ ಕಾರ್ಡ್‌ಗಳ ನಡುವೆ ಈ ತೊಂದರೆ ಕಡಿಮೆ. 1984ರ ಪಿಸಿ-ಎಟಿಗೆ ವೆಸ್ಟರ್ನ್ ಡಿಜಿಟಲ್ ಒದಗಿಸಿದ ಕಾರ್ಡಿನ ಸಂಪ್ರದಾಯವನ್ನು ಬಹಳ ಮಂದಿ ಅನುಸರಿಸಿದ್ದರಿಂದ ಎಟಿ ಯಂತ್ರಗಳಲ್ಲಿ ಕಾರ್ಡ್ ಬದಲಿಸಿದರೂ ಡಿಸ್ಕ್ ಓದಿದ ಉದಾಹರಣೆಗಳಿವೆ. ಎಕ್ಸ್‌ಟಿಯ ಎಂಟು ಬಿಟ್ ಕಾರ್ಡ್‌ಗಳ ಲೋಕದಲ್ಲಿ ಅಂಥ ಶಿಸ್ತು ಇರಲಿಲ್ಲ. ಆದ್ದರಿಂದ ಎಸ್‌ಟಿ-506 ಕಾಲದ ಡಿಸ್ಕನ್ನೂ ಅದರ ಕಾರ್ಡನ್ನೂ ಎರಡು ಬಿಡಿ ವಸ್ತುಗಳೆಂದು ಎಣಿಸಲೇಬಾರದು. ಎರಡೂ ಸೇರಿದರೇ ಒಂದು ಡಿಸ್ಕ್.

1701 ಎಂದರೆ ಏನೇನೋ ಇರಬಹುದು

ಹಾಗೆಂದು ನಿಮ್ಮ ತೊಂದರೆ ಲಿಪಿಯದೇ ಎಂದು ಈಗಲೇ ತೀರ್ಮಾನಿಸಬೇಡಿ. 1701 ಎಂದರೆ ಹಾರ್ಡ್ ಡಿಸ್ಕ್ ಪರೀಕ್ಷೆ ಪಾಸಾಗಲಿಲ್ಲ ಎಂದಷ್ಟೇ ಅರ್ಥ. ಕೇಬಲ್ ಸರಿಯಾಗಿ ಕೂತಿದೆ ಎನ್ನುತ್ತೀರಿ. ಕೂತಿರುವುದು ಸರಿಯಾದ ಕೇಬಲ್ಲೇ ಎಂಬುದನ್ನೂ ನೋಡಬೇಕು. ಫ್ಲಾಪಿ ಡ್ರೈವಿನದೂ 34 ತಂತಿಯ ಕೇಬಲ್ಲೇ, ನೋಡಲು ಅವಳಿಜವಳಿ. ವ್ಯತ್ಯಾಸ ಇರುವುದು ಕೊನೆಯ ಕನೆಕ್ಟರಿನ ಮುಂಚೆ ತಿರುಚಿರುವ ತಂತಿಗಳಲ್ಲಿ. ಬಣ್ಣದ ಗೆರೆಯಿರುವ ಅಂಚೇ ಒಂದನೆಯ ತಂತಿ. ಅಲ್ಲಿಂದ ಎಣಿಸಿ. 10ರಿಂದ 16ರವರೆಗೆ ಏಳು ತಂತಿ ತಿರುಚಿದ್ದರೆ ಅದು ಫ್ಲಾಪಿಯ ಕೇಬಲ್. 25ರಿಂದ 29ರವರೆಗೆ ಐದು ತಂತಿ ತಿರುಚಿದ್ದರೆ ಹಾರ್ಡ್ ಡಿಸ್ಕಿನದು. ಎಲ್ಲೂ ತಿರುಚದೆ ನೇರವಾಗಿದ್ದರೆ ಒಂಟಿ ಡಿಸ್ಕಿಗೆ ಅದೂ ನಡೆಯುತ್ತದೆ.

ಈ ತಿರುಚಿಗೂ ಡಿಸ್ಕಿನ ಜಂಪರಿಗೂ ಸಂಬಂಧವಿದೆ. ತಿರುಚಿದ ಕೇಬಲಿನಲ್ಲಿ ಎರಡು ಡಿಸ್ಕ್‌ಗಳಿದ್ದರೂ ಎರಡರ ಜಂಪರನ್ನೂ ಎರಡನೆಯ ಸ್ಥಾನದಲ್ಲೇ ಇಡಬೇಕು. ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂಬುದನ್ನು ತಿರುಚೇ ತೀರ್ಮಾನಿಸುತ್ತದೆ. ನೇರ ಕೇಬಲಾದರೆ ಒಂಟಿ ಡಿಸ್ಕಿನ ಜಂಪರ್ ಮೊದಲನೆಯ ಸ್ಥಾನದಲ್ಲಿರಬೇಕು. ಹಳೆಯ ಕೇಬಲ್ ಬಿಟ್ಟು ಹೊಸ ಕಾರ್ಡಿನ ಜೊತೆ ಬಂದ ಕೇಬಲ್ ಹಾಕಿದ್ದರೆ ಗಡಿಬಿಡಿ ಆಗಿರುವುದು ಇಲ್ಲೇ ಇರಬಹುದು. ಕೇಬಲಿನ ತುದಿಯಲ್ಲಿರುವ ಡಿಸ್ಕಿಗೆ ಮಾತ್ರ ಟರ್ಮಿನೇಟರ್ ರೆಸಿಸ್ಟರ್ ಪ್ಯಾಕ್ ಇರಬೇಕು ಎಂಬುದೂ ಗಮನದಲ್ಲಿರಲಿ.

ಉಳಿದದ್ದನ್ನು ಡಿಸ್ಕಿನ ಮುಂಭಾಗದ ಕೆಂಪು ದೀಪವೇ ಹೇಳುತ್ತದೆ. ಆನ್ ಮಾಡಿ, ಪರದೆ ನೋಡದೆ ಆ ದೀಪವನ್ನೇ ನೋಡುತ್ತ ಕಿವಿಗೊಡಿ. ದೀಪ ಒಮ್ಮೆಯೂ ಹೊತ್ತದಿದ್ದರೆ ಕಾರ್ಡಿನ ಕರೆ ಡಿಸ್ಕಿಗೆ ಮುಟ್ಟಿಲ್ಲ. ಜಂಪರ್, ಕೇಬಲ್ ನೋಡಿ. ಸದಾ ಉರಿಯುತ್ತಲೇ ಇದ್ದರೆ ಕೇಬಲ್ ತಲೆಕೆಳಗಾಗಿರುವ ಅನುಮಾನ. ದೀಪ ಹೊತ್ತಿ, ಹೆಡ್ಡು ಟಿಕ್ ಟಿಕ್ ಎಂದು ಹಿಂದೆ ಮುಂದೆ ಓಡಾಡಿ, ಮತ್ತೆ ಮತ್ತೆ ಅದನ್ನೇ ಮಾಡಿ ಕೊನೆಗೆ 1701 ಬಂದರೆ, ಆಗ ಕಾರ್ಡು ಡಿಸ್ಕನ್ನು ಮುಟ್ಟಿದೆ, ಓದಲಾಗುತ್ತಿಲ್ಲ ಎಂದರ್ಥ. ಇನ್ನೊಂದು ಸುಲಭದ ಪರೀಕ್ಷೆ: ಈ ಡಿಸ್ಕ್ ಪೂರ್ಣ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಯಂತ್ರದ ಸ್ವಯಂಪರೀಕ್ಷೆ ಅದಕ್ಕೂ ಮೊದಲೇ ಮುಗಿದುಹೋದರೂ 1701 ಬರುತ್ತದೆ. ಅರ್ಧ ನಿಮಿಷ ಬಿಟ್ಟು ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ನೋಡಿ. ಕಾರ್ಡ್ ಕೊಂಡವರಿಗೆ ನಾಚಿಕೆಯಾಗುವಷ್ಟು ಸಲೀಸಾಗಿ ಕೆಲವು ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಮೊದಲು ಸುಟ್ಟ ಕಾರ್ಡಿನ ಚಿಕಿತ್ಸೆ

ಚಟ್ಟೆಂದು ಸಿಡಿದದ್ದು ಬಹುಪಾಲು ಟ್ಯಾಂಟಲಮ್ ಕೆಪಾಸಿಟರ್ ಇರಬೇಕು. ಹನಿಯ ಆಕಾರದ, ಹಳದಿ ಅಥವಾ ನೀಲಿ ಬಣ್ಣದ ಪುಟ್ಟ ಬಿಡಿಭಾಗ. ದಶಕಗಳ ಕಾಲ ಸುಮ್ಮನಿದ್ದು ಒಮ್ಮೆಲೇ ವಿದ್ಯುತ್ ಬಿದ್ದಾಗ ಒಳಗೇ ಶಾರ್ಟ್ ಆಗಿ ಸಿಡಿಯುವುದು ಈ ಜಾತಿಯ ಹಳೆಯ ಚಾಳಿ. ಕಾರ್ಡಿನ ಮೇಲೆ ಇದರ ಕೆಲಸ ವಿದ್ಯುತ್ ಪೂರೈಕೆಯ ಏರಿಳಿತವನ್ನು ತಡೆಯುವುದು. ಆದ್ದರಿಂದ ಇದೊಂದು ಸಿಡಿದರೂ ಕಾರ್ಡಿನ ಉಳಿದ ಚಿಪ್‌ಗಳು ಬಹಳ ಸಲ ಕ್ಷೇಮವಾಗಿಯೇ ಇರುತ್ತವೆ. ಬೆಸುಗೆ ಬಲ್ಲ ರೇಡಿಯೊ ರಿಪೇರಿಯವರು ಕರಕಲನ್ನು ಒರೆಸಿ, ಅದೇ ಮೌಲ್ಯದ ಹೊಸದನ್ನು ಹಾಕಿಕೊಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವೇ ರೂಪಾಯಿಗಳಿಗೆ ಸಿಗುವ ಮಾಲು. 12 ವೋಲ್ಟಿನ ದಾರಿಯಲ್ಲಿದ್ದರೆ 25 ವೋಲ್ಟ್ ತಡೆಯುವಂಥದ್ದನ್ನೇ ಹಾಕಿಸಿ. ಧನ, ಋಣ ಅದಲುಬದಲಾದರೆ ಹೊಸದೂ ಸಿಡಿಯುತ್ತದೆ.

ಕಾರ್ಡ್ ಸಂಪೂರ್ಣ ಕೆಟ್ಟಿದ್ದರೆ ಅದರ ಜೋಡಿಯನ್ನೇ ಹುಡುಕಿ. ಕಂಪನಿಯ ಹೆಸರು ಒಂದೇ ಆದರೆ ಸಾಲದು, ಕಾರ್ಡಿನ ಮೇಲೆ ಮುದ್ರಿಸಿದ ಮಾದರಿ ಸಂಖ್ಯೆ ಮತ್ತು ರೋಮ್ ಚಿಪ್ಪಿನ ಲೇಬಲ್ಲಿನ ಸಂಖ್ಯೆ ಎರಡೂ ಹೊಂದಬೇಕು. ಹಳೆಯ ಕಾರ್ಡಿನ ಜಂಪರ್‌ಗಳು ಎಲ್ಲೆಲ್ಲಿದ್ದವೋ ಫೋಟೊ ತೆಗೆದಿಟ್ಟುಕೊಂಡು ಹೊಸದರಲ್ಲೂ ಹಾಗೇ ಇಡಿ.

ಇದೂ ಕೈಗೂಡದಿದ್ದರೆ ಇಂದಿನ ಕಾಲದ ಉಪಾಯ ಒಂದಿದೆ. ಬೀಗಲ್‌ಬೋನ್ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನ ಮೇಲೆ ಕೂರಿಸುವ ಎಮ್‌ಎಫ್‌ಎಮ್ ರೀಡರ್ ಎಂಬ ಸಾಧನವನ್ನು ಹವ್ಯಾಸಿಗಳು ಬಳಸುತ್ತಾರೆ. ಅದು ಕಾರ್ಡಿನ ಹಂಗಿಲ್ಲದೆ ನೇರವಾಗಿ ಡಿಸ್ಕಿನ ಎರಡೂ ಕೇಬಲ್‌ಗಳಿಗೆ ಸೇರಿಕೊಂಡು ಬರಿಯ ಮಿಡಿತಗಳನ್ನೇ ಕಡತದಲ್ಲಿ ತುಂಬಿಕೊಳ್ಳುತ್ತದೆ. ಯಾವ ಕಾರ್ಡಿನ ಲಿಪಿ ಎಂದು ಬಿಡಿಸುವುದು ಆಮೇಲಿನ ಕೆಲಸ, ಸಾಫ್ಟ್‌ವೇರಿನದು. ಹತ್ತಾರು ಕಾರ್ಡ್‌ಗಳ ಲಿಪಿ ಅದಕ್ಕೆ ಗೊತ್ತು. ಅದೇ ಸಾಧನವನ್ನು ಮುಂದೆ ಡಿಸ್ಕಿನ ಜಾಗದಲ್ಲೇ ಕೂರಿಸಿ, ಹಳೆಯ ಯಂತ್ರ ಅದನ್ನೇ ಎಸ್‌ಟಿ-225 ಎಂದು ನಂಬುವಂತೆಯೂ ಮಾಡಬಹುದು.

ಡಿಸ್ಕನ್ನು ಓದಿಸುವ ಮುಂಚೆ ಇನ್ನೊಂದು ಮಾತು. ಎಸ್‌ಟಿ-225ರಲ್ಲಿ ಹೆಡ್ಡನ್ನು ಸರಿಸುವುದು ಸ್ಟೆಪ್ಪರ್ ಮೋಟರ್. ಇಷ್ಟು ಹೆಜ್ಜೆ ಇಟ್ಟರೆ ಇಂಥ ಟ್ರ್ಯಾಕ್ ಎಂದು ನಂಬಿ ಅದು ಹೋಗುತ್ತದೆ. ಟ್ರ್ಯಾಕಿನ ನಟ್ಟನಡುವೆ ನಿಂತಿದ್ದೇನೆಯೇ ಎಂದು ನೋಡಿಕೊಳ್ಳುವ ಏರ್ಪಾಡು ಅದಕ್ಕಿಲ್ಲ. ಲೋಹ ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವುದರಿಂದ ಬರೆದಾಗಿನ ಜಾಗಕ್ಕೂ ಓದುವಾಗಿನ ಜಾಗಕ್ಕೂ ಕೂದಲೆಳೆಯ ವ್ಯತ್ಯಾಸ ಬಿದ್ದುಬಿಡುತ್ತದೆ. ಆದ್ದರಿಂದ ಡಿಸ್ಕ್ ಮೊದಲು ಹೇಗೆ ಕೂತಿತ್ತೋ ಹಾಗೇ, ಮಲಗಿದ್ದರೆ ಮಲಗಿಸಿ, ನಿಂತಿದ್ದರೆ ನಿಲ್ಲಿಸಿ, ಅರ್ಧ ಗಂಟೆ ಓಡಲು ಬಿಟ್ಟು ಆಮೇಲೆ ಓದಿಸಿ. ಆಫ್ ಮಾಡಿದಾಗ ಇದರ ಹೆಡ್ಡು ತಾನಾಗಿ ಸುರಕ್ಷಿತ ಜಾಗಕ್ಕೆ ಹೋಗುವುದಿಲ್ಲ. ಪಾರ್ಕ್ ಮಾಡುವ ಪುಟ್ಟ ಪ್ರೋಗ್ರಾಮ್ ಓಡಿಸದೆ ಡಿಸ್ಕನ್ನು ಕಾರಿನಲ್ಲಿ ಹಾಕಿಕೊಂಡು ಹೊರಡಬೇಡಿ.

ದತ್ತಾಂಶ ಕೈಸೇರಿದ ಮೇಲೆ ಫಾರ್ಮ್ಯಾಟ್

ಕಡತಗಳ ನಕಲು ನಿಮ್ಮ ಕೈಗೆ ಬಂತು, ಅಥವಾ ಅವು ಬೇಡವೆಂದೇ ನಿರ್ಧರಿಸಿದಿರಿ ಎನ್ನೋಣ. ಆಗ ಹೊಸ ಕಾರ್ಡಿಗೆ ಡಿಸ್ಕನ್ನು ಒಗ್ಗಿಸಬಹುದು. ಎಕ್ಸ್‌ಟಿ ಕಾರ್ಡಿನ ಮೇಲೆ ಅದರದೇ ಆದ ರೋಮ್ ಇರುತ್ತದೆ, ಫಾರ್ಮ್ಯಾಟ್ ಮಾಡುವ ಪ್ರೋಗ್ರಾಮ್ ಹಲವು ಕಾರ್ಡ್‌ಗಳಲ್ಲಿ ಅದರೊಳಗೇ ಇದೆ. ಡಾಸ್ ಫ್ಲಾಪಿಯಿಂದ ಯಂತ್ರ ಏಳಿಸಿ, ಡಿಬಗ್ ಓಡಿಸಿ, ಅಡ್ಡಗೆರೆಯ ಮುಂದೆ ಜಿ=ಸಿ800:5 ಎಂದು ಕೊಟ್ಟರೆ ಅದು ಎದ್ದು ಬರುತ್ತದೆ. ಅಡಾಪ್ಟೆಕ್ ಕಾರ್ಡುಗಳಲ್ಲಿ 5ರ ಬದಲು ಸಿಸಿಸಿ, ಓಎಮ್‌ಟಿಐನಲ್ಲಿ 6. ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರಲಿ. ಎಸ್‌ಟಿ-225ಕ್ಕೆ 615 ಸಿಲಿಂಡರ್, 4 ಹೆಡ್. 300ನೇ ಸಿಲಿಂಡರಿನಿಂದ ರೈಟ್ ಪ್ರಿಕಾಂಪೆನ್ಸೇಶನ್. ಈ ಕೊನೆಯದು ಏನೆಂದರೆ, ಒಳಗಿನ ಟ್ರ್ಯಾಕ್‌ಗಳ ಸುತ್ತಳತೆ ಚಿಕ್ಕದು, ಬಿಟ್‌ಗಳು ಅಲ್ಲಿ ಒತ್ತೊತ್ತಾಗಿ ಕೂತು ಒಂದನ್ನೊಂದು ತಳ್ಳುತ್ತವೆ. ಹಾಗೆ ತಳ್ಳಿಸಿಕೊಂಡು ಎಲ್ಲಿಗೆ ಸರಿಯುತ್ತವೆಂದು ಮೊದಲೇ ಊಹಿಸಿ, ಹತ್ತು ಹನ್ನೆರಡು ನ್ಯಾನೊಸೆಕೆಂಡ್ ಮುಂಚೆಯೋ ತಡವಾಗಿಯೋ ಬರೆಯುವುದು ಕಾರ್ಡಿನ ಕೆಲಸ.

ಡಿಸ್ಕಿನ ಮೇಲ್ಭಾಗದ ಲೇಬಲ್ಲಿನಲ್ಲಿ ಕಾರ್ಖಾನೆಯವರು ಎರಡು ಸಾಲು ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ: ಇಂಥ ಸಿಲಿಂಡರ್, ಇಂಥ ಹೆಡ್, ಅಲ್ಲಿ ತಟ್ಟೆಯ ಲೇಪ ಸರಿಯಿಲ್ಲ ಎಂದು. ಡಿಸ್ಕನ್ನು ಪೆಟ್ಟಿಗೆಗೆ ಸ್ಕ್ರೂ ಮಾಡುವ ಮುಂಚೆಯೇ ಅದನ್ನು ಬರೆದುಕೊಳ್ಳಿ. ಫಾರ್ಮ್ಯಾಟ್ ಮಾಡುವಾಗ ಒಂದೊಂದಾಗಿ ತುಂಬಬೇಕು.

ಎಲ್ಲಕ್ಕಿಂತ ಜಾಣತನ ಬೇಕಾದ ಪ್ರಶ್ನೆ ಇಂಟರ್‌ಲೀವ್. ಕಾರ್ಡೂ ಯಂತ್ರವೂ ಒಂದು ಸೆಕ್ಟರ್ ಓದಿ ಅದನ್ನು ಸಾಗಿಸಿ ಮುಗಿಸುವಷ್ಟರಲ್ಲಿ ಮುಂದಿನ ಸೆಕ್ಟರ್ ಹೆಡ್ಡಿನ ಕೆಳಗಿಂದ ದಾಟಿಹೋಗಿರುತ್ತದೆ. ಅದು ಮತ್ತೆ ಬರಬೇಕಾದರೆ ಪೂರ್ತಿ ಒಂದು ಸುತ್ತು, ಸುಮಾರು 16.7 ಮಿಲಿಸೆಕೆಂಡ್ ಕಾಯಬೇಕು. ಅದಕ್ಕೇ ಒಂದರ ಪಕ್ಕ ಎರಡನ್ನು ಬರೆಯದೆ ನಡುವೆ ಬೇರೆ ಸೆಕ್ಟರ್‌ಗಳನ್ನು ಕೂರಿಸಿ ಅಷ್ಟು ಬಿಡುವು ಕೊಡುತ್ತಿದ್ದರು. ಐಬಿಎಂ ತನ್ನ ಎಕ್ಸ್‌ಟಿಗೆ 6:1, ಎಟಿಗೆ 3:1 ಇಟ್ಟಿತ್ತು. ಇಂಟರ್‌ಲೀವ್ 6:1 ಇದ್ದರೆ ಹದಿನೇಳು ಸೆಕ್ಟರಿಗೆ ಆರು ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 87,000 ಬೈಟು ಸಿಗುತ್ತದೆ. ಬೇಗ ಓದಲಿ ಎಂಬ ಆಸೆಯಿಂದ ಯಂತ್ರಕ್ಕೆ ಮೀರಿದ 1:1 ಕೊಟ್ಟಿರೋ, ಪ್ರತಿ ಸೆಕ್ಟರಿಗೂ ಒಂದು ಸುತ್ತು ವ್ಯರ್ಥವಾಗಿ ವೇಗ ಸುಮಾರು 30,000 ಬೈಟಿಗೆ ಬೀಳುತ್ತದೆ. ಕಾರ್ಡ್ ಬದಲಾದರೆ ಸರಿಯಾದ ಇಂಟರ್‌ಲೀವ್ ಕೂಡ ಬದಲಾಗುತ್ತದೆ. ಮೊದಲು ಕಾರ್ಡಿನ ರೋಮ್ ಸೂಚಿಸುವ ಅಂಕಿಯನ್ನೇ ಇಟ್ಟುಕೊಂಡು, ಆಮೇಲೆ ಸ್ಪಿನ್‌ರೈಟ್‌ನಂಥ ಪ್ರೋಗ್ರಾಮಿನಿಂದ ಪರೀಕ್ಷಿಸಿ ತಿದ್ದಿಕೊಳ್ಳಬಹುದು. ಇಷ್ಟಾದ ಮೇಲೆ ಡಾಸ್‌ನ ಎಫ್‌ಡಿಸ್ಕ್, ಕೊನೆಗೆ ಮಾಮೂಲಿ ಫಾರ್ಮ್ಯಾಟ್.

ಆರ್‌ಎಲ್‌ಎಲ್ ಕಾರ್ಡಿನ ಆಸೆ

ನೀವು ತಂದ ಕಾರ್ಡಿನ ಹೆಸರಿನಲ್ಲಿ ಎಲ್ಲಾದರೂ ಆರ್‌ಎಲ್‌ಎಲ್ ಎಂದಿದೆಯೇ ನೋಡಿ. ಎಸ್‌ಟಿ-225 ಎಮ್‌ಎಫ್‌ಎಮ್ ಪದ್ಧತಿಯಲ್ಲಿ ಬರೆಯುವ ಡಿಸ್ಕ್. ಆರ್‌ಎಲ್‌ಎಲ್ ಕಾರ್ಡ್ ಅದೇ ಟ್ರ್ಯಾಕಿನಲ್ಲಿ 17ರ ಬದಲು 26 ಸೆಕ್ಟರ್ ತುಂಬುತ್ತದೆ. 20 ಮೆಗಾಬೈಟಿನ ಡಿಸ್ಕ್ 30 ಆಗುತ್ತದೆ. ಸೀಗೇಟ್ ಇದಕ್ಕೆಂದೇ ಎಸ್‌ಟಿ-238ಆರ್ ಮಾರಿತು. ಸಿಲಿಂಡರ್, ಹೆಡ್ ಸಂಖ್ಯೆ ಎಸ್‌ಟಿ-225ರದೇ. ಹಾಗಾದರೆ ಎಸ್‌ಟಿ-225ನ್ನೇ ಆರ್‌ಎಲ್‌ಎಲ್ ಕಾರ್ಡಿಗೆ ಕಟ್ಟಿದರೇನು ಎಂದು ಆ ಕಾಲದಲ್ಲಿ ಬಹಳ ಮಂದಿ ಕೇಳಿದರು, ಕಟ್ಟಿಯೂ ನೋಡಿದರು.

ಎರಡು ಪದ್ಧತಿಗಳಲ್ಲೂ ಪಕ್ಕಪಕ್ಕದ ಎರಡು ಮಿಡಿತಗಳ ನಡುವಿನ ಅತಿ ಕಡಿಮೆ ಅಂತರ 200 ನ್ಯಾನೊಸೆಕೆಂಡ್. ಹಾಗಾಗಿ ತಟ್ಟೆಯ ಮೇಲೆ ಹೆಚ್ಚಿನ ಒತ್ತಡವೇನೂ ಬೀಳುವುದಿಲ್ಲ ಎನಿಸುತ್ತದೆ. ಕಷ್ಟ ಇರುವುದು ಸಮಯದ ನಿಖರತೆಯಲ್ಲಿ. ಎಮ್‌ಎಫ್‌ಎಮ್‌ನಲ್ಲಿ ಒಂದು ಮಿಡಿತ 100 ನ್ಯಾನೊಸೆಕೆಂಡಿನ ಕಿಂಡಿಯೊಳಗೆ ಎಲ್ಲಿ ಬಿದ್ದರೂ ಲೆಕ್ಕಕ್ಕೆ ಬರುತ್ತದೆ. ಆರ್‌ಎಲ್‌ಎಲ್‌ನಲ್ಲಿ ಆ ಕಿಂಡಿ ಸುಮಾರು 67 ನ್ಯಾನೊಸೆಕೆಂಡಿಗೆ ಕಿರಿದಾಗುತ್ತದೆ. ಆ ನಿಖರತೆಗೆಂದು ಪರೀಕ್ಷೆಯಾಗದ ಡಿಸ್ಕ್ ಇಂದು ಫಾರ್ಮ್ಯಾಟ್ ಆಗಿ, ನಾಲ್ಕು ದಿನ ಚೆನ್ನಾಗಿ ಓಡಿ, ಚಳಿಗಾಲದ ಒಂದು ಬೆಳಗ್ಗೆ ಸೆಕ್ಟರ್ ಸಿಗಲಿಲ್ಲ ಎಂದುಬಿಡುತ್ತದೆ. ಆರ್ ಎಂಬ ಅಕ್ಷರವಿಲ್ಲದ ಡಿಸ್ಕಿಗೆ ಆರ್‌ಎಲ್‌ಎಲ್ ಕಾರ್ಡ್ ಹಾಕದಿರುವುದೇ ಕ್ಷೇಮ.

ಇದೇ 34 ಮತ್ತು 20 ತಂತಿಯ ಕೇಬಲ್ ಬಳಸುವ ಇಎಸ್‌ಡಿಐ ಎಂಬ ಇನ್ನೊಂದು ಕುಲವಿದೆ. ಮ್ಯಾಕ್ಸ್‌ಟರ್ 1983ರಲ್ಲಿ ಆರಂಭಿಸಿದ್ದು. ಅದರಲ್ಲಿ ಮಿಡಿತ ಬಿಡಿಸುವ ಸರ್ಕ್ಯೂಟ್ ಡಿಸ್ಕಿನ ಮೇಲೆಯೇ ಇದೆ. ಕನೆಕ್ಟರ್ ಒಪ್ಪವಾಗಿ ಕೂರುತ್ತದೆ, ಕೆಲಸ ಮಾತ್ರ ಆಗದು.

ಐಡಿಇ ಡಿಸ್ಕ್ ಹಾಕಬಹುದೇ?

ಈಗಿರುವ ಕಾರ್ಡಿಗೆ ಖಂಡಿತ ಆಗದು. 1980ರ ದಶಕದ ನಡುವಿನಲ್ಲಿ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮೊದಲಾದವರು ಸೇರಿ ಮಾಡಿದ್ದು ಏನೆಂದರೆ, ಕಂಟ್ರೋಲರನ್ನು ಇಡಿಯಾಗಿ ಡಿಸ್ಕಿನ ಬೆನ್ನಿಗೇ ಅಂಟಿಸಿಬಿಟ್ಟರು. ಅದೇ ಐಡಿಇ. ಲಿಪಿ ಬರೆದವರೂ ಓದುವವರೂ ಒಂದೇ ಪೆಟ್ಟಿಗೆಯೊಳಗೆ ಬಂದದ್ದರಿಂದ ಈ ಜೋಡಿಯ ಜಂಜಾಟವೇ ತಪ್ಪಿತು. ಐಡಿಇ ಡಿಸ್ಕಿಗೆ ಕಾರ್ಖಾನೆಯಲ್ಲೇ ಲೋ ಲೆವೆಲ್ ಫಾರ್ಮ್ಯಾಟ್ ಆಗಿರುತ್ತದೆ, ಮನೆಯಲ್ಲಿ ಮಾಡಲು ಹೋಗಬಾರದು.

ಆದರೆ ಅದರ 40 ಪಿನ್ನಿನ ಕೇಬಲ್ ಹದಿನಾರು ಬಿಟ್‌ನದು, ನಿಮ್ಮ ಎಕ್ಸ್‌ಟಿಯ ಸ್ಲಾಟ್ ಎಂಟು ಬಿಟ್‌ನದು. ಇವೆರಡನ್ನು ಬೆಸೆಯಲು ಎಕ್ಸ್‌ಟಿ-ಐಡಿಇ ಎಂಬ ಕಾರ್ಡನ್ನು ಹವ್ಯಾಸಿಗಳು ರೂಪಿಸಿದ್ದಾರೆ, ನಕ್ಷೆಯೂ ರೋಮ್ ಪ್ರೋಗ್ರಾಮೂ ಮುಕ್ತವಾಗಿ ಸಿಗುತ್ತವೆ. ಅದಕ್ಕೆ ನಿಮ್ಮ ಐಡಿಇ ಡಿಸ್ಕನ್ನೋ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡನ್ನೋ ಸೇರಿಸಿದರೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಡಾಸ್ 3.3 ಆದರೆ ಒಂದು ವಿಭಾಗಕ್ಕೆ 32 ಮೆಗಾಬೈಟಿನ ಮಿತಿ ಇದೆ ಎಂಬುದು ನೆನಪಿರಲಿ.

ಜೋಡಿಯ ತೊಡಕು ಇಲ್ಲಿಯೂ ಬೇರೆ ವೇಷದಲ್ಲಿ ಬರುತ್ತದೆ. ಹಳೆಯ ಬಯೋಸ್ ಒಪ್ಪುವುದು 1024 ಸಿಲಿಂಡರ್, 63 ಸೆಕ್ಟರ್; ಐಡಿಇ ಒಪ್ಪುವುದು 16 ಹೆಡ್. ಗುಣಿಸಿದರೆ ಸುಮಾರು 528 ಮೆಗಾಬೈಟ್. ಅದಕ್ಕಿಂತ ದೊಡ್ಡ ಡಿಸ್ಕನ್ನು ತೋರಿಸಲು ಒಂದೊಂದು ಬಯೋಸ್ ಒಂದೊಂದು ಸುಳ್ಳು ಲೆಕ್ಕ ಹೇಳುತ್ತದೆ. ಒಂದು ಯಂತ್ರದಲ್ಲಿ ವಿಭಾಗ ಮಾಡಿದ ಡಿಸ್ಕ್ ಇನ್ನೊಂದರಲ್ಲಿ ಏಳದಿರುವುದು ಇದರಿಂದಲೇ. ಸ್ಕಸಿ ಡಿಸ್ಕ್‌ಗಳಲ್ಲಿಯೂ ಅಡಾಪ್ಟರ್ ಕಾರ್ಡಿನ ಕಂಪನಿ ಬದಲಾದಾಗ ಇದೇ ಪಾಡು. ಡಿಸ್ಕನ್ನು ಯಾವ ಯಂತ್ರದಲ್ಲಿ ಬಳಸುತ್ತೀರೋ ಅದರಲ್ಲೇ ಎಫ್‌ಡಿಸ್ಕ್ ಮಾಡಿ.

ನಿಮ್ಮ ಮನೆಯ ಯಂತ್ರದ ಮಟ್ಟಿಗೆ ಹೇಳುವುದಾದರೆ ಮೊದಲು ದೀಪ, ಕೇಬಲ್, ಜಂಪರ್ ಪರೀಕ್ಷೆ. ಅವು ಸರಿಯಿದ್ದರೆ ಹಳೆಯ ಕಾರ್ಡಿನ ಕೆಪಾಸಿಟರ್ ಬದಲಿಸಿ ಅದನ್ನೇ ಹಾಕಿ ನೋಡುವುದು. ಆಗಲೂ ಏಳದಿದ್ದರೆ ಅದೇ ಮಾದರಿಯ ಕಾರ್ಡ್, ಇಲ್ಲವೇ ಎಮ್‌ಎಫ್‌ಎಮ್ ರೀಡರ್. ಡಿಸ್ಕ್ ಎದ್ದ ಕೂಡಲೇ ಕಡತಗಳನ್ನು ಫ್ಲಾಪಿಗೋ ಸೀರಿಯಲ್ ಕೇಬಲಿನ ಮೂಲಕ ಇನ್ನೊಂದು ಕಂಪ್ಯೂಟರಿಗೋ ನಕಲು ಮಾಡಿಕೊಳ್ಳಿ; ಚೆಕ್‌ಡಿಸ್ಕ್, ಸ್ಪಿನ್‌ರೈಟ್ ಯಾವುದನ್ನೂ ನಕಲಿಗೆ ಮೊದಲು ಓಡಿಸಬೇಡಿ. ನಿಮ್ಮ ತಂದೆಯವರು ಕನ್ನಡದಲ್ಲಿ ಪತ್ರ ಬರೆಯುತ್ತಿದ್ದರೇ ಎಂದು ಮನೆಯಲ್ಲಿ ವಿಚಾರಿಸಿ. ಬರೆಯುತ್ತಿದ್ದರೆ ಇನ್ನೊಂದು ಸ್ಲಾಟಿನಲ್ಲಿ ಪುಣೆಯ ಸಿ-ಡಾಕ್‌ನ ಜಿಸ್ಟ್ ಕಾರ್ಡ್ ಇರುವ ಸಂಭವವಿದೆ, ಅದನ್ನು ಕಿತ್ತಿಡಬೇಡಿ. ಜಿಸ್ಟ್ ಕಾರ್ಡ್ ಅಕ್ಷರಗಳನ್ನು ಇಸ್ಕಿ ಸಂಕೇತದಲ್ಲಿ ಇಡುತ್ತದೆ. ಯೂನಿಕೋಡ್‌ನ ಕನ್ನಡ ವಿಭಾಗವನ್ನು ರೂಪಿಸಿದ್ದು ಇಸ್ಕಿಯ ಮಾದರಿಯಲ್ಲೇ. ಹಾಗಾಗಿ ಆ ಕಡತಗಳು ಡಿಸ್ಕಿನಿಂದ ಒಮ್ಮೆ ಹೊರಬಂದರೆ ಇಂದಿನ ಫೋನಿನಲ್ಲಿ ಓದುವಂತೆ ಮಾಡುವುದು ದೊಡ್ಡ ಕಷ್ಟವಲ್ಲ.